ಎರಡು ಸೀಟಿನ ಗಾಡಿ

ಬಡಗಿಗಳು ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ ಅವರು ಸೈಕಲ್ ಚಕ್ರದ ಒಂದು ತುಂಡು ಕಡ್ಡಿಯನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಬಲಗಿವಿಯ ಮೇಲೆ, ಬೆಳ್ಳಗಾದ ಕೂದಲಿನ ನಡುವೆ, ಅದರ ಬಾಗಿದ ತುದಿ ಮುಂದಕ್ಕೆ ಇಣುಕುತ್ತಿತ್ತು. ಏನನ್ನೇ ಅಳೆಯಬೇಕಾದರೂ ಅದನ್ನು ಕಿತ್ತು ಇಡುವರು. ಸೀಟು ಎರಡು ಕಡ್ಡಿ, ಬಾಗಿಲು ಐದೂವರೆ ಕಡ್ಡಿ. ಅಂಗಡಿಯ ಗೋಡೆಗೆ ಒಳ್ಳೆಯ ಟೇಪು ನೇತಾಡುತ್ತಿದ್ದರೂ ಅದನ್ನು ಮುಟ್ಟುತ್ತಿರಲಿಲ್ಲ. "ಟೇಪು ಬರೀ ನಂಬರ್ ಹೇಳುತ್ತೆ ಕಣಮ್ಮ" ಎನ್ನುವರು. ಆ ಮಾತಿನ ಅರ್ಥ ನನಗೆ ಇವತ್ತಿಗೂ ಪೂರ್ತಿ ಆಗಿಲ್ಲ.

ಶ್ರೀನಿವಾಸಪುರದಲ್ಲಿ ನಮ್ಮ ಮನೆಯ ಬೀದಿ ಮುಖ್ಯರಸ್ತೆಗೆ ಸೇರುವ ಮೂಲೆಯಲ್ಲಿ ಅವರ ಸೈಕಲ್ ಅಂಗಡಿ. ಅವರ ಸ್ವಂತ ಊರು ಆಂಧ್ರದ ಗಡಿಯ ಹತ್ತಿರದ ರಾಯಲ್ಪಾಡು. ಬೈಯುವುದು ತೆಲುಗಿನಲ್ಲಿ, ಬುದ್ಧಿ ಹೇಳುವುದು ಕನ್ನಡದಲ್ಲಿ. ತುಕ್ಕು ಹಿಡಿದ ಚೈನಿನ ಸೈಕಲ್ ಯಾರಾದರೂ ತಂದರೆ, "ಇದಕ್ಕೆ ಎಣ್ಣೆ ತೋರ್ಸೇ ಇಲ್ವಲ್ಲಯ್ಯಾ, ನಿನ್ ತಲೆಗಾದ್ರೂ ಹಚ್ತೀಯಾ?" ಎಂದು ಕೇಳದೆ ಬಿಡುತ್ತಿರಲಿಲ್ಲ. ನನ್ನ ಮಕ್ಕಳು ಅವರನ್ನು ಸೈಕಲ್ ತಾತ ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆದುಬಿಟ್ಟೆ, ಕೊನೆಯವರೆಗೂ.

ನನ್ನ ಮಕ್ಕಳು ಅವಳಿ. ತನ್ವಿ ಮೊದಲು ಹುಟ್ಟಿದಳು, ತರುಣ್ ತಡವಾಗಿ. ಆ ತಡದಲ್ಲಿ ಅವನಿಗೆ ಉಸಿರು ಸಿಕ್ಕಲಿಲ್ಲ. ಬುದ್ಧಿ ಚುರುಕು, ಮಾತು ಪಟಪಟ, ಆದರೆ ಎರಡು ಕಾಲೂ ಸೆಟೆದುಕೊಂಡಿವೆ. ಚಿಕ್ಕವರಿದ್ದಾಗ ನೆಂಟರೊಬ್ಬರು ಕೊಟ್ಟಿದ್ದ ಅವಳಿ ಮಕ್ಕಳ ತಳ್ಳುಗಾಡಿಯಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಎಲ್ಲಿಗೆ ಬೇಕೋ ಅಲ್ಲಿಗೆ ಹೋಗಿದ್ದೇವೆ. ಆರು ವರ್ಷ ತುಂಬುವ ಹೊತ್ತಿಗೆ ಗಾಡಿಯ ಬಟ್ಟೆ ಹರಿಯಿತು, ಒಂದು ಚಕ್ರ ಸೊಟ್ಟಗಾಯಿತು, ತರುಣನ ಕಾಲು ನೆಲಕ್ಕೆ ಉಜ್ಜತೊಡಗಿತು. ಯಾರಿಗಾದರೂ ಕೊಟ್ಟುಬಿಡಿ ಎಂದು ಅದನ್ನು ಸೈಕಲ್ ತಾತನ ಅಂಗಡಿಗೆ ಹಾಕಲು ಹೋದೆ.

"ಮತ್ತೆ ಇನ್ಮೇಲೆ ಅವನು ಆಚೆ ಹೋಗೋದು ಹೆಂಗೆ?" ಎಂದರು.

"ನಮ್ಮಮ್ಮ ಈಗ ನಮ್ ಜೊತೇಲೇ ಇದ್ದಾರಲ್ಲ ತಾತ, ಮನೇಲಿ ನೋಡ್ಕೊಳ್ತಾರೆ. ದೊಡ್ಡೋನಾದ, ಎತ್ಕೊಂಡು ತಿರುಗೋಕಾಗಲ್ಲ."

ಅವರು ಚಕ್ರವನ್ನೊಮ್ಮೆ ಸುಮ್ಮನೆ ತಿರುಗಿಸಿದರು. "ಮಗು ದೊಡ್ದಾದ್ರೆ ಗಾಡಿ ದೊಡ್ದು ಮಾಡ್ತಾರಮ್ಮ, ಮನೆ ಬಾಗಿಲು ಹಾಕಲ್ಲ."

ನನಗೆ ಸಿಟ್ಟು ಬಂತು. ಹೊತ್ತು ತಿರುಗಿದವಳಿಗಲ್ಲವೇ ಸೊಂಟನೋವು ಗೊತ್ತು, ಅಂಗಡಿಯಲ್ಲಿ ಕೂತು ಉಪದೇಶ ಹೇಳುವುದು ಸುಲಭ. ಗಾಡಿಯನ್ನು ಅಲ್ಲೇ ಬಿಟ್ಟು ಮುಖ ಊದಿಸಿಕೊಂಡು ಬಂದೆ.

ಮುಂದಿನ ವಾರ ಮಾಲೂರಿನಲ್ಲಿ ನನ್ನ ಯಜಮಾನರ ಕಡೆಯ ಒಂದು ಗೃಹಪ್ರವೇಶ. ಮೊದಲ ಸಲ ತರುಣನನ್ನು ಅಮ್ಮನ ಹತ್ತಿರ ಬಿಟ್ಟು ಮೂವರೇ ಹೋದೆವು. ಅವನು ಹಟ ಮಾಡಲಿಲ್ಲ. ಸಂಜೆ ಬಂದು ನೋಡಿದರೆ ಹೊಸಿಲ ಬಳಿ ಕೂತಿದ್ದ. ಮೈಮೇಲೆ ಹಬ್ಬದ ಹೊಸ ಶರ್ಟು. ತಾನೇ ಕೇಳಿ ಹಾಕಿಸಿಕೊಂಡನಂತೆ, ಬೆಳಗ್ಗೆ ನಾವು ಹೋದ ಮೇಲೆ. ಅಕ್ಕನನ್ನು ನೋಡಿ ಅವನು ಕೇಳಿದ್ದು ಒಂದೇ, "ಅಲ್ಲಿ ಏನು ಸ್ವೀಟ್ ಇತ್ತು?" ತನ್ವಿ ಹೇಳಿದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮಾರನೆಯ ದಿನ ಫೋನ್ ಹಿಡಿದುಕೊಂಡು ಸೈಕಲ್ ತಾತನ ಮುಂದೆ ನಿಂತೆ. ಅಂತರ್ಜಾಲದಲ್ಲಿ ಸಿಕ್ಕ ತಳ್ಳುಗಾಡಿಗಳನ್ನೆಲ್ಲ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದರು. ಬಹುಪಾಲು ಗಾಡಿಗಳಲ್ಲಿ ಕೂತಿದ್ದವು ಹಾಲು ಕುಡಿಯುವ ಪಾಪುಗಳು. ದೊಡ್ಡ ಮಕ್ಕಳ ಭಾರ ತಡೆಯುವ ವಿದೇಶಿ ಗಾಡಿಗಳೂ ಇದ್ದವು. ಅವುಗಳ ಪುಟ್ಟ ಚಕ್ರ ನೋಡಿ ತಾತ ನಕ್ಕುಬಿಟ್ಟರು. "ಈ ಚಕ್ರ ನಮ್ ಚರಂಡಿ ಕಲ್ಲು ಕಂಡ್ರೆ ಅತ್ಬಿಡುತ್ತೆ." ಒಂದರ ಹಿಂದೆ ಒಂದು ಸೀಟಿದ್ದ ಗಾಡಿ ನನಗೆ ಹಿಡಿಸಿತ್ತು. ಅಗಲ ಕಡಿಮೆ, ಬಾಗಿಲಲ್ಲಿ ಸಲೀಸಾಗಿ ಹೋಗುತ್ತದೆ. ತಾತ ಕೇಳಿದರು, "ಹಿಂದೆ ಕೂತೋನು ಏನ್ ನೋಡ್ತಾನೆ? ಮುಂದೆ ಇರೋಳ ಜಡೆನಾ?"

ಕೊನೆಗೆ ನನಗೇ ಅನ್ನಿಸಿದ್ದನ್ನು ಹೇಳಿದೆ. "ತನ್ವಿ ನಡೀತಾಳಲ್ಲ ತಾತ. ಎರಡು ಸೀಟ್ ಯಾಕೆ? ಅವನಿಗೊಂದೇ ಮಾಡ್ಕೊಡಿ, ಸಾಕು."

"ಒಂದೇ ಸೀಟ್ ಮಾಡಿದ್ರೆ ಅದು ರೋಗಿ ಕುರ್ಚಿ ಆಗುತ್ತೆ. ಎರಡು ಮಾಡಿದ್ರೆ ಅದು ಗಾಡಿ" ಎಂದರು. ಆಮೇಲೆ ಕಿವಿಯ ಮೇಲಿನ ಕಡ್ಡಿ ತೆಗೆದು, ಅದನ್ನೇ ನೋಡುತ್ತಾ ಹೇಳಿದರು, "ನಾವೂ ಅವಳಿ ಕಣಮ್ಮ. ನನ್ ತಮ್ಮನಿಗೆ ಪೋಲಿಯೋ. ಐದನೇ ಕ್ಲಾಸ್‌ವರೆಗೂ ಬೆನ್ ಮೇಲೆ ಹೊತ್ಕೊಂಡು ಸ್ಕೂಲಿಗೆ ಹೋದೆ. ಆಮೇಲೆ ದೂರದ ಸ್ಕೂಲು. ಒಂದಿನ ಅವನನ್ನ ಬಾಗ್ಲಲ್ಲಿ ಕೂರ್ಸಿ ನಾನೊಬ್ನೇ ಹೋದೆ. ಒಂದಿನ ಹೋದ್ರೆ ಆಯ್ತು, ಆಮೇಲೆ ದಿನಾ ಹೋಗೋದು ಸಲೀಸು. ನಡೆಯೋನು ನಡ್ಕೊಂಡು ಹೋಗ್ಬಿಡ್ತಾನಮ್ಮ. ಅದಕ್ಕೇ ಅವಳಿಗೂ ಒಂದು ಸೀಟ್ ಇರ್ಬೇಕು."

ಆ ತಮ್ಮ ಈಗ ಇಲ್ಲ ಎಂದೇ ನಾನು ಅಂದುಕೊಂಡೆ. ಕೇಳಲು ಮನಸ್ಸಾಗಲಿಲ್ಲ.

ಗಾಡಿ ಮಾಡಲು ಅವರು ಹೊರಟ ಪರಿ ಕೋಲಾರದ ಸೀಮೆಯವರಿಗೆ ಮಾತ್ರ ಹೊಳೆಯುವಂಥದ್ದು. ಇಬ್ಬರು ಮಕ್ಕಳನ್ನೂ ಒಬ್ಬೊಬ್ಬರಾಗಿ ಎತ್ತಿ ತೂಗಿ, "ಇವನು ಒಂದು ಟೊಮೇಟೊ ಬಾಕ್ಸು, ಇವಳು ಒಂದು ಬಾಕ್ಸಿನ ಮೇಲೆ ಒಂದು ಕುಕ್ಕೆ" ಎಂದು ತೀರ್ಮಾನಿಸಿದರು. ಕೋಲಾರದ ಟೊಮೇಟೊ ಮಾರುಕಟ್ಟೆಯಲ್ಲಿ ಬಾಕ್ಸುಗಳನ್ನು ಎಳೆಯುವ ಕಬ್ಬಿಣದ ಗಾಡಿಗಳನ್ನು ಹೋಗಿ ನೋಡಿ ಬಂದರು. ಅಂಥ ಗಾಡಿಯ ಚಕ್ರ, ಅಂಥದೇ ಚೌಕಟ್ಟು. ಮಕ್ಕಳಿಗೆ ಹದಿನೈದು ವರ್ಷ ಆಗುವವರೆಗೂ ಬಾಳಿಕೆ ಬರಬೇಕೆಂದು ಇನ್ನೆರಡು ಪಟ್ಟಿ ಹೆಚ್ಚಿಗೆ ಬೆಸೆದರು. ಹದಿನೈದು ದಿನ ಕಳೆದು ಗಾಡಿ ಮನೆ ಮುಂದೆ ಬಂದು ನಿಂತಾಗ ಮಕ್ಕಳು ಕುಣಿದರು. ತರುಣ್ ಕೂತಲ್ಲೇ ಕುಣಿದ.

ನಾನು ತಳ್ಳಿದೆ. ಅಲುಗಲಿಲ್ಲ. ಮೈಯೆಲ್ಲ ಬಿಟ್ಟು ತಳ್ಳಿದ ಮೇಲೆ ನಾಲ್ಕು ಹೆಜ್ಜೆ ಹೋಯಿತು. ಬಸ್ಸಿಗೆ ಏರಿಸುವುದಂತೂ ಇಬ್ಬರು ಹಮಾಲಿಗಳ ಕೆಲಸ. ಬೀದಿಯ ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು, ನಾನೂ ನಕ್ಕೆ. ತಾತ ನಗಲಿಲ್ಲ. ನನ್ನ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿ, "ಹೊರೆ ಅಳತೆ ತಗೊಂಡೆ, ತಳ್ಳೋ ಕೈ ಅಳತೆ ತಗೊಳ್ಳಲಿಲ್ಲ. ತಪ್ಪು ನಂದೇ" ಎಂದು ಗಾಡಿಯನ್ನು ವಾಪಸ್ಸು ಉರುಳಿಸಿಕೊಂಡು ಹೋದರು. ಅದನ್ನು ಗುಜರಿಗೆ ಹಾಕಿರಬೇಕು ಎಂದುಕೊಂಡೆ.

ಎರಡನೆಯದಕ್ಕೆ ಹಳೆಯ ಸೈಕಲ್‌ಗಳ ಕೊಳವೆ, ಸೈಕಲ್‌ನದೇ ಚಕ್ರ. ಸೀಟುಗಳನ್ನು ಹಸಿರು ಪ್ಲಾಸ್ಟಿಕ್ ವೈರಿನಲ್ಲಿ ತಾವೇ ಕೂತು ಹೆಣೆದರು. ಪಕ್ಕಪಕ್ಕದಲ್ಲೇ ಎರಡು ಸೀಟು, ನಡುವೆ ಬಾಗಿಲಿನ ಕೀಲು. ಪುಸ್ತಕ ಮುಚ್ಚಿದ ಹಾಗೆ ಮಡಿಚಿದರೆ ನಮ್ಮ ಮನೆಯ ಬಾಗಿಲಲ್ಲೂ ಹೋಯಿತು, ಬಸ್ಸಿನ ಬಾಗಿಲಲ್ಲೂ ಹೋಯಿತು. ಈ ಸಲ ಮೊದಲು ನನ್ನ ಮೊಣಕೈ ಎತ್ತರಕ್ಕೆ ಕಡ್ಡಿ ಹಿಡಿದು ನೋಡಿದ್ದರು.

ಹೊಸ ಗಾಡಿಗೆ ಕುರುಡುಮಲೆ ಗಣಪತಿಯ ಮುಂದೆ ಪೂಜೆಯಾಗಬೇಕೆಂದು ಅವರದೇ ಹಟ. ಅಂಗಡಿಗೆ ಬೀಗ ಹಾಕಿ ನಮ್ಮ ಜೊತೆ ಮುಳಬಾಗಿಲು ದಾಟಿ ಅಲ್ಲಿಗೆ ಬಂದರು. ದೇವಸ್ಥಾನದ ಮುಂದೆ ಸಾಲಾಗಿ ನಿಂತ ಹೊಸ ಬೈಕು, ಒಂದು ಟ್ರ್ಯಾಕ್ಟರು, ಅವುಗಳ ಪಕ್ಕದಲ್ಲಿ ನಮ್ಮ ತಳ್ಳುಗಾಡಿ. ಅರ್ಚಕರು ಒಂದು ಗಳಿಗೆ ಮುಖ ನೋಡಿ, ಆಮೇಲೆ ಅದಕ್ಕೂ ಅರಿಶಿನ ಕುಂಕುಮ ಇಟ್ಟು ಹೂ ಹಾಕಿದರು. ಚಕ್ರದಡಿ ನಿಂಬೆಹಣ್ಣು ಇಟ್ಟು ತಳ್ಳಿದೆವು. ಪಚ್ಚೆಂದು ಒಡೆದ ಸದ್ದಿಗೆ ಇಬ್ಬರೂ ಚಪ್ಪಾಳೆ ತಟ್ಟಿದರು. ಯಾರೋ ಹೆಂಗಸು, "ಇಷ್ಟ್ ದೊಡ್ ಮಕ್ಳು ಇಬ್ರೂ ಗಾಡೀಲಿ ಮೆರೀತಿದ್ದೀರಲ್ಲ, ನಡೆಯೋಕೇನು ದಾಡಿ?" ಎಂದು ರೇಗಿಸಿದಳು. ತರುಣ್ ಎಮ್ಮೆಲ್ಲೆಯ ಹಾಗೆ ಕೈ ಬೀಸಿದ. ಆರು ವರ್ಷದಲ್ಲಿ ಮೊದಲ ಸಲ ಯಾರೂ ಅವನನ್ನು ನೋಡಿ "ಅಯ್ಯೋ ಪಾಪ, ಏನಾಗಿದೆ" ಎಂದು ಕೇಳಲಿಲ್ಲ. ಎರಡನೆಯ ಸೀಟು ಯಾಕೆಂದು ನನಗೆ ಅಲ್ಲಿ ಅರ್ಥವಾಯಿತು. ತಿರುಗಿ ನೋಡಿದರೆ ತಾತ ಕಂಬದ ಮರೆಯಲ್ಲಿ ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಬಿಸಿಲು ಎಂದರು.

ಆ ಗಾಡಿಯಲ್ಲಿ ಅಂತರಗಂಗೆಯ ಮೆಟ್ಟಿಲಿನ ಬುಡದವರೆಗೆ ಹೋದೆವು, ಆವನಿಯ ದೇವಸ್ಥಾನಕ್ಕೆ ಹೋದೆವು, ಸುಗಟೂರಿನ ನನ್ನ ತವರಿಗೆ ಲೆಕ್ಕವಿಲ್ಲದಷ್ಟು ಸಲ ಹೋದೆವು. ಎಂಟು ತುಂಬುವಾಗ ತನ್ವಿ ಒಂದು ದಿನ, "ನಾನು ಕೂರಲ್ಲ, ಫ್ರೆಂಡ್ಸ್ ನಗ್ತಾರೆ" ಎಂದಳು. ತರುಣ್ ತಲೆ ತಗ್ಗಿಸಿದ. ತಾತನಿಗೆ ದೂರು ಹೇಳಿದೆ. ಅವಳಿಗೆ ನಾಲ್ಕು ಮಾತು ಬುದ್ಧಿ ಹೇಳುತ್ತಾರೆ ಎಂದುಕೊಂಡಿದ್ದೆ.

"ಬಲವಂತ ಮಾಡ್ಬೇಡ" ಎಂದರು. ಕೈಯಲ್ಲಿದ್ದ ಟ್ಯೂಬನ್ನು ನೀರಿನಲ್ಲಿ ಅದ್ದಿ, "ಆದ್ರೆ ಸೀಟ್ ಮಾತ್ರ ತೆಗೀಬೇಡ. ಅದು ಅಲ್ಲೇ ಇರ್ಲಿ" ಎಂದರು.

ಅವರು ನನಗೆ ಹೇಳಿದ ಕೊನೆಯ ಮಾತು ಅದೇ. ಅದಾಗಿ ಹತ್ತು ದಿನಕ್ಕೆ, ಮಧ್ಯಾಹ್ನ ಪಂಕ್ಚರ್ ಹಾಕುತ್ತಾ ಕೂತಿದ್ದವರು ಎದೆ ಹಿಡಿದುಕೊಂಡು ಚಕ್ರಕ್ಕೆ ಒರಗಿದರಂತೆ. ಪಕ್ಕದ ಅಂಗಡಿಯವರು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಿದ್ದರು. ನಾನು ಅವತ್ತು ಊರಲ್ಲಿರಲಿಲ್ಲ. ಬಂದಾಗ ಅರ್ಧ ಎಳೆದ ಷಟರ್ ನೋಡಿದೆ. ಮಣ್ಣು ಆಗಲೇ ರಾಯಲ್ಪಾಡಿನಲ್ಲಿ ಆಗಿಹೋಗಿತ್ತು.

ಮೂರನೆಯ ದಿನದ ಹಾಲುತುಪ್ಪಕ್ಕಾದರೂ ಹೋಗಲೇಬೇಕೆಂದು ಹೊರಟೆ. ಮಕ್ಕಳು ಬಿಡಲಿಲ್ಲ. ಸಾವಿನ ಮನೆಗೆ ಗಾಡಿ ಯಾಕೆ ಎಂದು ಅದನ್ನು ಬಿಟ್ಟು, ತರುಣನನ್ನು ಸೊಂಟಕ್ಕೆ ಏರಿಸಿಕೊಂಡು ಬಸ್ಸಿನಲ್ಲಿ ಹೋದೆ. ಮನೆ ಹುಡುಕಿಕೊಂಡು ಬಾಗಿಲ ಮುಂದೆ ನಿಂತವಳು ಹಾಗೇ ನಿಂತುಬಿಟ್ಟೆ. ಹೊಸಿಲ ಪಕ್ಕದ ಜಗಲಿಯ ಮೇಲೆ ಸೈಕಲ್ ತಾತ ಕೂತಿದ್ದರು. ಅದೇ ಹಣೆ, ಅದೇ ಬಿಳಿ ಕೂದಲು, ಅದೇ ಕಣ್ಣು. ಕಿವಿಯ ಮೇಲೆ ಕಡ್ಡಿ ಮಾತ್ರ ಇರಲಿಲ್ಲ. ಪಂಚೆಯ ಕೆಳಗೆ ಕಾಲುಗಳು ಕಡ್ಡಿಯಷ್ಟೇ ಸಣ್ಣಗಿದ್ದವು.

"ಬಾಮ್ಮ" ಎಂದರು ತಾತನ ಆ ಅವಳಿ ತಮ್ಮ. ಧ್ವನಿಯೂ ಅದೇ. ತರುಣನನ್ನು ನೋಡಿ, "ಇವನೇನಾ? ವಾರವಾರ ಬಂದು ಇವನ ಕಥೆನೇ ಹೇಳೋನು" ಎಂದರು. ಜಗಲಿಯ ಕೊನೆಗೆ ಕೈ ತೋರಿಸಿದರು. ಅಲ್ಲಿ ಕಬ್ಬಿಣದ ಆ ಮೊದಲ ಗಾಡಿ ನಿಂತಿತ್ತು. ಸೀಟುಗಳನ್ನು ಅಗಲ ಮಾಡಿದ್ದರು. ಎರಡೂ ಹಾಗೇ ಇದ್ದವು.

"ಭಾನುವಾರ ಬಂದ್ರೆ ನನ್ನ ಇದ್ರಲ್ಲಿ ಕೂರ್ಸಿ ಕೆರೆಗಂಟ ತಳ್ಕೊಂಡು ಹೋಗೋನು. ಪಕ್ದಲ್ಲಿ ಕೂತ್ಕೊಳೋ ಅಂದ್ರೆ, ನಾನು ಕೂತ್ರೆ ತಳ್ಳೋರ್ಯಾರು ಅನ್ನೋನು. ನಿನ್ನ ಬಿಟ್ಟು ಹೋದೆ, ಬಿಟ್ಟು ಹೋದೆ ಅಂತ ಈ ವಯಸ್ಸಲ್ಲೂ ಅಳೋನಮ್ಮ. ಅವತ್ತು ಹೋಗು ಅಂದೋನು ನಾನೇ. ಅವನ ಬೆನ್ನು ನಡುಗ್ತಿತ್ತು. ಬೆನ್ ಮೇಲೆ ಕೂತೋನಿಗೆ ಗೊತ್ತಾಗಲ್ವಾ? ಎಷ್ಟ್ ಸಲ ಹೇಳಿದ್ರೂ ಆ ಪಿಚ್ಚೋಡು, ಹುಚ್ಚ, ನಂಬ್ಲೇ ಇಲ್ಲ."

ಒಳಗಿನಿಂದ ಹಾಲು, ತುಪ್ಪ, ಎಡೆಯ ಬುಟ್ಟಿ ಹಿಡಿದು ಜನ ಹೊರಟರು. ಮಣ್ಣು ಮಾಡಿದ್ದು ಊರಾಚೆ, ಅವರದೇ ಮಾವಿನ ತೋಟದ ಅಂಚಿನಲ್ಲಿ. ತಾತನ ತಮ್ಮ ಎರಡೂ ಕೈ ಊರಿ ಜಗಲಿಯ ಅಂಚಿಗೆ ಸರಿದರು. ನೆಂಟರಲ್ಲಿ ಒಬ್ಬರು, "ದಾರಿ ಸರಿಯಿಲ್ಲ, ನೀನು ಇಲ್ಲೇ ಇರು ಮಾವ. ಬೇಗ ಬಂದ್ಬಿಡ್ತೀವಿ" ಎಂದರು. ತಾತನ ತಮ್ಮ ಸರಿದಲ್ಲೇ ಕೂತುಬಿಟ್ಟರು. ಆ ಮುಖ ನನಗೆ ಗೊತ್ತಿತ್ತು. ಹಬ್ಬದ ಶರ್ಟು ಹಾಕಿಕೊಂಡು ಹೊಸಿಲಲ್ಲಿ ಕೂತಿದ್ದ ನನ್ನ ಮಗನ ಮುಖ ಅದು.

"ಅವರೂ ಬರ್ತಾರೆ" ಎಂದೆ. ನನ್ನ ಧ್ವನಿ ಜೋರಾಯಿತೇನೋ, ಹೊರಟವರು ತಿರುಗಿ ನೋಡಿದರು.

ನೆಂಟರು ತಿರುಗಿ ಬಂದು ಅವರನ್ನು ಎತ್ತಿ ಗಾಡಿಯಲ್ಲಿ ಕೂರಿಸಿದರು. ಪಕ್ಕದ ಸೀಟು ಖಾಲಿಯಿತ್ತು. ಅದನ್ನು ನೋಡಿ ತರುಣ್ ನನ್ನ ಕತ್ತಿನಿಂದ ಕೈ ಬಿಡಿಸಿಕೊಂಡ. ಅವನನ್ನು ಅಲ್ಲಿ ಇಳಿಸಿದೆ. ತಾತನ ತಮ್ಮ ತರುಣನ ಸೆಟೆದ ಕಾಲಿನ ಮೇಲೆ ತಾವು ಉಟ್ಟಿದ್ದ ಪಂಚೆಯ ಚುಂಗನ್ನು ಎಳೆದು ಹೊದಿಸಿದರು. ಹಾಲಿನ ಚೊಂಬನ್ನು ತನ್ವಿ ಇಸಿದುಕೊಂಡು, ಇನ್ನೊಂದು ಕೈಯಲ್ಲಿ ಗಾಡಿಯ ಕಂಬಿ ಹಿಡಿದು ಅವರ ಪಕ್ಕದಲ್ಲೇ ನಡೆದಳು.

ಗಾಡಿ ಅವತ್ತಿನಷ್ಟೇ ಭಾರವಿತ್ತು. ಮಣ್ಣಿನ ದಾರಿ, ಮೇಲಾಗಿ ಏರು. ಅಂಗೈ ಉರಿಯತೊಡಗಿತು. ಹಿಂದಿನಿಂದ ಯಾರೋ ಬಂದು ಕಂಬಿಗೆ ಕೈ ಹಾಕಿ, "ಬಿಡಮ್ಮ, ನಾನು ತಳ್ತೀನಿ" ಎಂದರು. ಬೇಡ ಎಂದೆ. ಸೈಕಲ್ ತಾತನ ಸಮಾಧಿಯ ಗುಡ್ಡೆಯವರೆಗೂ ನಾನೇ ತಳ್ಳಿದೆ.