ಉಗುಳಬ್ಯಾಡವ್ವಾ, ನುಂಗು!

ತುರ್ಭೆಯ ಗೋದಾಮು ಗಲ್ಲಿಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಒಂದು ಕಡೆ ಟ್ರಕ್ಕು ಹಿಂದಕ್ಕೆ ಸರಿಯುತ್ತಿದೆ, ಇನ್ನೊಂದು ಕಡೆ ಹಮಾಲರು ಬೆಳ್ಳುಳ್ಳಿ ಚೀಲ ಇಳಿಸುತ್ತ "ಬಾಜೂ, ಬಾಜೂ" ಎಂದು ದಾರಿಗಾಗಿ ಕೂಗುತ್ತಿದ್ದಾರೆ, ಟಪರಿ ಅಂಗಡಿಯಲ್ಲಿ ಚಹಾ ಕುದಿಯುತ್ತಿದೆ. ಈ ಗದ್ದಲವನ್ನೆಲ್ಲ ಸೀಳಿಕೊಂಡು ಒಂದು ಹೆಣ್ಣುದನಿ ಏಳುತ್ತದೆ.

"ಏ ಮಾನಸಿ, ಎತ್ತಾಗ ಓಡ್ತಿ? ಬಾ ಇಲ್ಲಿ, ಕುಡಿ ಮೊದ್ಲ. ಉಗುಳಬ್ಯಾಡವ್ವಾ, ನುಂಗು! ನಿನ್ನ ಗಂಟಲಾ ನೋಡಾಕತ್ತೀನಿ ನಾ."

ಮಾನಸಿ ಬೆಳ್ಳುಳ್ಳಿ ಆರಿಸುವ ಕೆಲಸಕ್ಕೆ ಈಚೆಗೆ ಬರತೊಡಗಿದ, ಹೊಸದಾಗಿ ಮದುವೆಯಾದ ಹುಡುಗಿ. ತಪ್ಪಿಸಿಕೊಳ್ಳುವ ದಾರಿಯಿಲ್ಲ ಎಂದು ಗೊತ್ತಾಗಿ ಗಟಗಟ ಕುಡಿದು, "ಪೀ ಲಿಯಾ ಮಾವಶಿ, ದೇಖೋ!" ಎಂದು ಬಾಯಿ ಆ ಎಂದು ತೆರೆದು ತೋರಿಸುತ್ತಾಳೆ. ಹಿಂದೆ ನಿಂತ ಹೆಂಗಸರೆಲ್ಲ ಹೋ ಎಂದು ನಗುತ್ತಾರೆ. ನೀರು ಹಾಕುತ್ತಿರುವ ಚಂದವ್ವ ಮಾತ್ರ ನಗದೆ, ಮುಂದಿನವಳಿಗೆ ಚರಿಗೆ ಚಾಚುತ್ತಾರೆ. ಡ್ಯೂಟಿ ಅಂದರೆ ಡ್ಯೂಟಿ.

ಐವತ್ತು ದಾಟಿದ ಚಂದವ್ವನದು ಇಳಕಲ್ ಸೀರೆ, ಹಣೆ ತುಂಬ ಕುಂಕುಮ. ಬೇವಿನ ಮರದ ಕೆಳಗೆ ಎಲ್ಲಮ್ಮನ ಪುಟ್ಟ ಕಟ್ಟೆ, ಕಟ್ಟೆಯ ಪಕ್ಕ ನೀರು ತುಂಬಿದ ಅವರ ಮಣ್ಣಿನ ಹರವಿ. ಇಷ್ಟು ನೋಡಿದವರು ಈಕೆ ಪೂಜಾರಿಣಿ ಇರಬೇಕು ಅಂದುಕೊಳ್ಳುತ್ತಾರೆ. ಅಲ್ಲ ಸ್ವಾಮಿ! ಅವರ ನಿಜವಾದ ಕೆಲಸ ಕಟ್ಟೆಯ ಎದುರಿಗೆ, ಗಲ್ಲಿಯ ಆ ಬದಿಗಿದೆ. ಅಲ್ಲಿರುವ ಹೆಂಗಸರ ಸಂಡಾಸು ತೊಳೆದು ನೋಡಿಕೊಳ್ಳುವವರು ಈ ಚಂದವ್ವ. ಓದುತ್ತಿರುವವರು ಮೂಗು ಮುಚ್ಚಿಕೊಳ್ಳುವುದು ಬೇಡ. ಅಲ್ಲಿಯ ನೆಲ ಎಷ್ಟೋ ಹೋಟೆಲಿನ ಅಡುಗೆಮನೆಗಿಂತ ಚೊಕ್ಕಟವಾಗಿದೆ.

ನೀರು ನುಂಗಿಸಲು ಇಷ್ಟು ಗದರಬೇಕೇ ಎಂದು ಕೇಳಬಹುದು. ಈ ಗಲ್ಲಿಯ ಹೆಂಗಸರಿಗೆ ಒಂದು ಹಳೆಯ ವಿದ್ಯೆ ಗೊತ್ತಿದೆ. ಬಾಯಾರಿದಾಗ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಎರಡೂ ಕೆನ್ನೆಗೆ ಹೊರಳಿಸಿ, ನಾಲಿಗೆ ಒದ್ದೆ ಮಾಡಿ ಉಗುಳಿಬಿಡುವುದು. ನುಂಗಿದರೆ ಹೋಗಬೇಕಾಗುತ್ತದಲ್ಲ, ಎಲ್ಲಿಗೆ ಹೋಗುವುದು? ನಸುಕಿನಲ್ಲಿ ತಗಡಿನ ಸೂರಿನ ಕೆಳಗೆ ಕೂತರೆ ಏಳುವುದು ಮಧ್ಯಾಹ್ನ. ನಡುವೆ ಎದ್ದರೆ ಎದುರಿನ ಬೆಳ್ಳುಳ್ಳಿ ರಾಶಿ, ಅದರ ಕೂಲಿ ಎರಡೂ ಪಕ್ಕದವಳ ಪಾಲು. ಗಂಡಸರಿಗೇನು, ಟ್ರಕ್ಕಿನ ಮರೆ ಸಾಕು. ಹೆಂಗಸರು ಒಣಗಂಟಲಲ್ಲಿ ಕೂರುತ್ತಿದ್ದರು. ಅದರಿಂದ ಉರಿಮೂತ್ರ, ಹೊಟ್ಟೆಯ ಕೆಳಗೆ ಹಿಂಡುವ ನೋವು, ಚಳಿಜ್ವರ ಬರುತ್ತಿದ್ದವು. ಒಬ್ಬಿಬ್ಬರಿಗೆ ಮೂತ್ರಪಿಂಡದಲ್ಲಿ ಕಲ್ಲೂ ಆಗಿತ್ತು. ಇದು ಹೆಂಗಸರ ಹಣೆಬರಹ ಎಂದು ಎಲ್ಲರೂ ನಂಬಿದ್ದರು.

ಚಂದವ್ವನೂ ನಂಬಿದ್ದರು. ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಮದುವೆಯಾಗಿ ತುರ್ಭೆಗೆ ಬಂದವರು ಇದೇ ಗಲ್ಲಿಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಆರಿಸುತ್ತ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದರು. ಬಾಯಿ ಮುಕ್ಕಳಿಸಿ ಉಗುಳುವುದರಲ್ಲಿ ಅವರದು ಎತ್ತಿದ ಕೈ. "ಒಂದ ಸಣ್ಣ ಬಾಟ್ಲಿ ನೀರು ಇಡೀ ದಿನಾ ಬರ್ತಿತ್ರಿ ನಂಗ," ಎನ್ನುತ್ತಾರೆ. "ಭಾಳ ಶಾಣ್ಯಾಕಿ ಅಂತ ತಿಳ್ಕೊಂಡಿದ್ದೆ." ಆ ಶಾಣ್ಯಾತನದ ಫಲವಾಗಿ ಒಂದು ದಿನ ರಾಶಿಯ ಮುಂದೆಯೇ ನಡುಗುತ್ತ ಬಿದ್ದುಬಿಟ್ಟರು. ಎತ್ತಿಕೊಂಡು ಹೋಗಿದ್ದು ಹತ್ತಿರದಲ್ಲೇ ದವಾಖಾನೆ ಇಟ್ಟಿರುವ ಡಾಕ್ಟರ್ ಯಾಮಿನಿ ಬಳಿಗೆ.

ಯಾಮಿನಿ ಮೈಸೂರಿನವರು. ಔಷಧಿ ಬರೆದುಕೊಟ್ಟು, ನೀರು ಚೆನ್ನಾಗಿ ಕುಡಿಯಬೇಕು ಅಂದರು. "ಕುಡಿದು ಎಲ್ಲಿ ಹೋಗ್ಲಿ ಡಾಕ್ಟ್ರವ್ವಾ?" ಎಂದು ಚಂದವ್ವ ಕೇಳಿದರು. "ಅದೇ ನೋಡಿ ಕಷ್ಟ," ಎಂದು ಯಾಮಿನಿ ನಿಟ್ಟುಸಿರಿಟ್ಟರು. "ಮಾತ್ರೆ ಬರೆಯೋದು ನನ್ನ ಕೈಲಿದೆ, ಜಾಗ ಕಟ್ಟಿಸೋದು ನನ್ನ ಕೈಲಿಲ್ಲ. ನಿಮ್ಮ ಗಲ್ಲಿಯ ಮಾಲೀಕರಿಗೆ ಹೇಳ್ತಾನೇ ಇದೀನಿ. ನೀವೂ ಸ್ವಲ್ಪ ಗಲಾಟೆ ಮಾಡ್ರಮ್ಮ."

ಡಾಕ್ಟರು ಹೇಳಿದ್ದಕ್ಕೋ, ಹೆಂಗಸರು ಗಲಾಟೆ ಮಾಡಿದ್ದಕ್ಕೋ, ಅಂತೂ ಗೋದಾಮು ಮಾಲೀಕರ ಸಮಿತಿ ಒಂದು ಸಂಡಾಸು ಕಟ್ಟಿಸಿತು. ನಡುವೆ ಗೋಡೆ, ಅರ್ಧ ಗಂಡಸರಿಗೆ, ಅರ್ಧ ಹೆಂಗಸರಿಗೆ. ಆದರೆ ಹೆಂಗಸರ ಭಾಗ ನೋಡಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಬಾಗಿಲಿಗೆ ಚಿಲಕ ನಿಲ್ಲುತ್ತಿರಲಿಲ್ಲ, ಒಳಗೆ ದೀಪವಿರಲಿಲ್ಲ. ಆಗ ಚಂದವ್ವ ನಾನು ಮಾಡುತ್ತೇನೆ ಅಂದರು. ನೆಂಟರು ಮೂಗು ಮುರಿದರು, ನಾದಿನಿಯಂತೂ ಅವರ ಮನೆಯಲ್ಲಿ ಚಹಾ ಕುಡಿಯುವುದನ್ನೇ ಬಿಟ್ಟಳು. "ಬಿಟ್ರ ಬಿಡ್ಲಿ, ಚಹಾಪುಡಿ ಉಳೀತು!" ಎಂದು ಚಂದವ್ವ ಈಗಲೂ ಬಿದ್ದು ಬಿದ್ದು ನಗುತ್ತಾರೆ.

ಚಿಲಕ ಹಾಕಿಸಿದರು, ಬಲ್ಬು ಹಾಕಿಸಿದರು, ದಿನಕ್ಕೆ ಮೂರು ಸಲ ತೊಳೆದರು. ಆದರೂ ಹೆಂಗಸರು ಬರಲಿಲ್ಲ! ಬರುವುದಾದರೂ ಹೇಗೆ? ನೀರೇ ಕುಡಿಯದವರಿಗೆ ಸಂಡಾಸು ಯಾಕೆ? ಅತ್ತ ಗಂಡಸರ ಸಾಲು ರಸ್ತೆಗೆ ಬರುತ್ತಿತ್ತು, ಇತ್ತ ಚಂದವ್ವ ಬಕೆಟ್ ಪಕ್ಕ ಕೂತು ನೊಣ ಹೊಡೆಯುತ್ತಿದ್ದರು. ಇದನ್ನು ದಿನವೂ ನೋಡುತ್ತಿದ್ದವರು ಸಮಿತಿಯ ಸೆಕ್ರೆಟರಿ ಜಯಶೀಲ ಶೆಟ್ಟರು. ಉಡುಪಿಯ ಕಡೆಯವರು, ಗಲ್ಲಿಯ ಮೂಲೆಯಲ್ಲಿ ಅವರ ಹೋಟೆಲಿದೆ. ಒಂದು ದಿನ ಬಂದು ಹೇಳಿಯೇಬಿಟ್ಟರು.

"ಚಂದಕ್ಕ, ಬೇಜಾರು ಮಾಡ್ಬೇಡಿ. ಇದು ಸುಮ್ಮನೆ ಖಾಲಿ ಬಿದ್ದಿದೆ ಅಲ್ವಾ? ಆಚೆ ಗಂಡಸರು ಒದ್ದಾಡ್ತಾ ಇದ್ದಾರೆ ಮಾರಾಯ್ರೆ. ದಸರೆ ಕಳೀಲಿ, ಒಂದು ಸಲ ಬಂದು ನೋಡುವ. ಆಗಲೂ ಹೀಗೇ ಇದ್ರೆ ಗೋಡೆ ಒಡೆದು ಅವರಿಗೆ ಕೊಡುವ."

ಗೋಡೆ ಒಡೆದರೆ ಮುಗಿಯಿತು, ಈ ಗಲ್ಲಿಯಲ್ಲಿ ಹೆಂಗಸರಿಗೆ ಇನ್ನೊಂದು ಬಾಗಿಲು ಏಳುವ ಮಾತೇ ಇಲ್ಲ. ಹೆಂಗಸರು ಬರಬೇಕೆಂದರೆ ಮೊದಲು ನೀರು ಕುಡಿಯಬೇಕು ಎಂದು ಚಂದವ್ವನಿಗೆ ಹೊಳೆಯಿತು. ಮರುದಿನವೇ ಹೊಸ ಹರವಿ ತಂದು, ತಣ್ಣಗಿನ ನೀರು ತುಂಬಿ ಇಟ್ಟರು. ಎಲ್ಲಿ? ಸಂಡಾಸಿನ ಬಾಗಿಲಲ್ಲಿ!

ಒಬ್ಬರೂ ಮುಟ್ಟಲಿಲ್ಲ. ಮೂರು ದಿನ ಚಂದವ್ವ ಕರೆದದ್ದೇ ಕರೆದದ್ದು, ಹೆಂಗಸರು ಸೀರೆಯ ಸೆರಗು ಮೂಗಿಗೆ ಹಿಡಿದು ದಾಟಿದ್ದೇ ದಾಟಿದ್ದು. ಕೊನೆಗೆ ಚಂದ್ರಬಾಯಿ ಎದುರಿಗೆ ಬಂದು ನಿಂತರು. ಸಾತಾರಾ ಕಡೆಯ ಈ ಅಜ್ಜಿ ಗಲ್ಲಿಯ ಆರಿಸುವವರಲ್ಲೆಲ್ಲ ಹಿರಿಯರು, ಅವರ ಬಾಯಿಗೆ ಮಾಲೀಕರೂ ಹೆದರುತ್ತಾರೆ.

"ಅಗಂ ಚಂದಾ, ಸಂಡಾಸಾಚ್ಯಾ ದಾರಾತ್ ಪಾಣೀ ಕೋಣ್ ಪಿಣಾರ್?" ಅಂದರು. ಪಾಯಿಖಾನೆಯ ಬಾಗಿಲಲ್ಲಿಟ್ಟ ನೀರನ್ನು ಯಾರೇ ಕುಡಿಯುತ್ತಾರೆ, ನಿನಗೆ ಬುದ್ಧಿ ಬೇಡವೇ, ಎಂದು.

ಚಂದವ್ವ ಹಣೆ ಬಡಿದುಕೊಂಡರು. "ದಿನಾ ತೊಳೆದು ತೊಳೆದು ನಂಗ ಅದು ನಮ್ಮ ಪಡಸಾಲಿ ಇದ್ದಂಗ ಆಗಿತ್ರಿ. ಉಳಿದವ್ರಿಗೆ ಅದು ಸಂಡಾಸು ಅನ್ನೂದ ಮರತಬಿಟ್ಟಿದ್ದೆ!" ಚಂದ್ರಬಾಯಿ ಇನ್ನೊಂದು ಮಾತು ಆಡದೆ ಹರವಿಯನ್ನು ಸೊಂಟಕ್ಕೇರಿಸಿ, ಗಲ್ಲಿ ದಾಟಿ, ಬೇವಿನ ಮರದ ಕೆಳಗೆ ಎಲ್ಲಮ್ಮನ ಕಟ್ಟೆಯ ಪಕ್ಕ ಇಳಿಸಿದರು. ದೇವರ ಮುಂದೆ ತುಂಬಿದ ಕೊಡ ಬೋಳಾಗಿ ಇರಬಾರದಲ್ಲ, ಅದಕ್ಕೆ ಕಟ್ಟೆಯ ಮೇಲಿನ ಅರಿಸಿನ ಕುಂಕುಮ ತೆಗೆದು ಹರವಿಗೂ ಹಚ್ಚಿದರು. ಅಷ್ಟೇ ಆದದ್ದು.

ಮರುದಿನ ಬೆಳಗಿನ ಸಂಗತಿ ಹೇಳುವಾಗ ಚಂದವ್ವನಿಗೆ ನಗು ತಡೆಯಲಾಗುವುದಿಲ್ಲ. ಹೆಂಗಸರು ಬಂದರು, ತಣ್ಣೀರು ಕಂಡು ಸಂತೋಷಪಟ್ಟರು, ಚರಿಗೆಯಿಂದ ಬಾಯಿಗೆ ಹಾಕಿಕೊಂಡು ಅಭ್ಯಾಸಬಲದಿಂದ ಉಗುಳಲು ಹೊರಳಿದರು. ಆಗ ಹರವಿಯ ಮೇಲಿನ ಕುಂಕುಮ ಕಣ್ಣಿಗೆ ಬಿತ್ತು. ಅವ್ವನ ನೀರು! ಉಗುಳುವುದುಂಟೇ? ಎಲ್ಲರ ಕೆನ್ನೆಯೂ ಬೋಂಡದ ಹಾಗೆ ಉಬ್ಬಿದೆ, ಕಣ್ಣು ಅಗಲವಾಗಿದೆ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಕೊನೆಗೆ ಒಬ್ಬಳು ಗುಳಕ್ಕೆಂದು ನುಂಗಿದಳು. ಅವಳ ಹಿಂದೆ ಎಲ್ಲರೂ ನುಂಗಿದರು.

ಬಿಸಿಲೇರುವ ಹೊತ್ತಿಗೆ ಅದರ ಫಲ ಕಂಡಿತು. ಒಬ್ಬಳು ಬಂದಳು, ಬೆನ್ನಿಗೆ ಇನ್ನೊಬ್ಬಳು. "ಒಳಗಿಂದ ಚಿಲಕಾ ಹಾಕಿದ ಸಪ್ಪಳಾ ಬಂತು ನೋಡ್ರಿ, ಗುಡಿ ಗಂಟಿ ಹೊಡದಂಗ ಆತು ನಂಗ," ಎನ್ನುತ್ತಾರೆ ಚಂದವ್ವ. ಎದ್ದವಳ ರಾಶಿಯನ್ನು ಯಾರೂ ಮುಟ್ಟಕೂಡದು ಎಂದು ಚಂದ್ರಬಾಯಿ ಗುಡುಗಿದರು. ಅವರ ಮಾತು ಮೀರುವ ಧೈರ್ಯ ಯಾರಿಗಿದೆ? ಆದರೂ ಚಂದವ್ವನಿಗೆ ಒಳಗೊಳಗೇ ಅಳುಕು. ದೇವಿಯ ಹೆಸರಲ್ಲಿ ಮೋಸ ಮಾಡಿದಂತಾಯಿತೇ? ಕಟ್ಟೆಗೆ ಹಣೆ ಹಚ್ಚಿ ತಪ್ಪಾಯಿತು ಅಂದುಕೊಂಡರು. "ಆಮ್ಯಾಲ ಅನಿಸ್ತು, ಆಕಿನೂ ಹೆಂಗಸ ಅಲ್ಲೇನ್ರಿ? ಆಕಿಗೆ ತಿಳೀತದ ಬಿಡು ಅಂತ."

ದಸರೆ ಕಳೆಯಿತು. ಶೆಟ್ಟರು ಹೇಳಿದಂತೆ ಸಮಿತಿಯ ಇಬ್ಬರನ್ನು ಕರೆದುಕೊಂಡು, ಗೋಡೆ ಒಡೆಯುವ ಮೇಸ್ತ್ರಿಯನ್ನೂ ಜೊತೆಗಿಟ್ಟುಕೊಂಡು ಬಂದರು. ನೋಡಿದರೆ ಬಾಗಿಲಿಂದ ಬೇವಿನ ಮರದವರೆಗೆ ಹೆಂಗಸರ ಸಾಲು. ಶೆಟ್ಟರು ಪಕ್ಕದಿಂದ ನುಸುಳಲು ಹೋದರೆ ಚಂದ್ರಬಾಯಿ ಕೈ ಅಡ್ಡ ಹಿಡಿದು, "ಲಾಯಿನ್ ಮಧೇ ಯಾ, ಶೇಟ್" ಅಂದರು, ಸಾಲಲ್ಲಿ ಬನ್ನಿ ಎಂದು. ಸಾಲಿಗೆ ಸಾಲೇ ಗೊಳ್ಳೆಂದು ನಕ್ಕಿತು. ಮೇಸ್ತ್ರಿ ಸುತ್ತಿಗೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಶೆಟ್ಟರೂ ನಗುತ್ತಿದ್ದರು. ಅಷ್ಟರಲ್ಲಿ ಸಾಲಿನಲ್ಲಿ ಗುರುತಿನ ಮುಖಗಳು ಕಂಡವು. ಅವರದೇ ಹೋಟೆಲಿನಲ್ಲಿ ತರಕಾರಿ ಹೆಚ್ಚುವ, ಪಾತ್ರೆ ತೊಳೆಯುವ ಹೆಂಗಸರು.

"ಅಯ್ಯೋ, ನೀವೆಂತಕ್ಕೆ ಇಲ್ಲಿ? ನಮ್ಮ ಹೋಟೆಲಲ್ಲೇ ಇದೆಯಲ್ಲ?"

"ಅದು ಗಿರಾಕಿಗೋಳಿಗೆ ಅಷ್ಟ ಅಂತಾರಲ್ಲಾ ಅಣ್ಣಾ," ಅಂದಳು ಒಬ್ಬಳು, ತಲೆ ತಗ್ಗಿಸಿ.

ಶೆಟ್ಟರ ನಗು ನಿಂತಿತು. "ಇಷ್ಟು ವರ್ಷ ಮತ್ತೆ ಎಲ್ಲಿಗೆ ಹೋಗ್ತಿದ್ರಿ?" ಎಂದು ಕೇಳಿದರು. ಅವಳು ಹರವಿಯ ಕಡೆ ಕೈ ತೋರಿಸಿ, "ನೀರ ಕುಡೀತಿದ್ದಿಲ್ಲ ಅಣ್ಣಾ" ಅಂದಳು. ಶೆಟ್ಟರು ಮೇಸ್ತ್ರಿಯ ಕಡೆ ತಿರುಗಿ, "ನೀನು ಹೋಗು ಮಾರಾಯ, ನಿಂಗೆಂತ ಕೆಲಸ ಇಲ್ಲಿ?" ಎಂದು ಗದರಿದರು. ಚಂದವ್ವ ಬಿಡಲಿಲ್ಲ, ಹರವಿಯಿಂದ ಚರಿಗೆ ತುಂಬಿ ಅವರ ಮುಂದೆ ಹಿಡಿದರು. "ಕುಡೀರಿ ಶೆಟ್ರ. ಉಗುಳೂಹಂಗಿಲ್ಲ ಮತ್ತ." ಶೆಟ್ಟರು ಪೂರ್ತಿ ಕುಡಿದರು. ಹೋಟೆಲಿನ ಹಿಂಬದಿಯ ಸಂಡಾಸನ್ನು ಅವತ್ತಿನಿಂದಲೇ ಕೆಲಸದವರಿಗೂ ತೆರೆಸಿದರು. ಮರದ ಬುಡಕ್ಕೆ ಫಿಲ್ಟರಿನ ನಲ್ಲಿಯೂ ಅವರ ಖರ್ಚಿನಲ್ಲೇ ಬಂತು. ಗಂಡಸರಿಗೆ ಗಲ್ಲಿಯ ಆ ತುದಿಯಲ್ಲಿ ಬೇರೆ ಕಟ್ಟುವ ಕೆಲಸ ಶುರುವಾಗಿದೆ.

ಡಾಕ್ಟರ್ ಯಾಮಿನಿ ಈಗ ಆಗಾಗ ಈ ಕಟ್ಟೆಗೆ ಬಂದು ಕೂರುತ್ತಾರೆ. "ಒಂದೇ ಹೆಂಗಸಿಗೆ ಅದೇ ಮಾತ್ರೆ ಎಷ್ಟು ಸಲ ಬರೀಲಿ ಅನ್ನಿಸ್ತಿತ್ತು. ಈಗ ಈ ಗಲ್ಲಿಯವರು ಆ ತೊಂದರೆ ತಗೊಂಡು ಬರೋದು ತುಂಬಾ ಕಮ್ಮಿ. ನಾನೇನೂ ಹೊಸ ಔಷಧಿ ಕೊಟ್ಟಿಲ್ಲಪ್ಪ," ಎಂದು ಖುಷಿಯಿಂದ ಹೇಳುತ್ತಾರೆ. ಅವರಿಗೂ ಚರಿಗೆ ನೀರು ತಪ್ಪುವುದಿಲ್ಲ.

ಬೆಳಗಿನ ಗದ್ದಲ ಮುಗಿದು ಹೆಂಗಸರು ರಾಶಿಗಳ ಮುಂದೆ ಕೂತಿದ್ದಾರೆ. ಚಂದವ್ವ ಒಂದು ಸಲ ನೆಲ ತೊಳೆದು, ಪೊರಕೆ ಒಣಗಲು ನಿಲ್ಲಿಸಿ, ಕೈಕಾಲು ತೊಳೆದು ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಇನ್ನೇನು ಆಗಬೇಕು ಎಂದು ಕೇಳಿದರೆ ಸ್ವಲ್ಪ ನಾಚಿಕೊಳ್ಳುತ್ತಾರೆ.

"ಒಂದ ಕನ್ನಡಿ ಬೇಕಾಗೇದ್ರಿ. ದೊಡ್ಡದು. ಮೊದ್ಲ ಇಲ್ಲಿ ಬಂದವ್ರು ಕಳ್ಳರಂಗ ಓಡ್ತಿದ್ರು. ಈಗ ನಿಲ್ತಾರ, ಮಾತಾಡ್ತಾರ. ಕನ್ನಡಿ ಇದ್ರ ತಮ್ಮ ಮಾರಿ ತಾವು ನೋಡ್ಕೊಂಡು, ಕುಂಕುಮಾ ತಿದ್ಕೊಂಡು ಹೋಗ್ತಾರ."

ಹೇಳುತ್ತಲೇ ಹರವಿಗೆ ಚರಿಗೆ ಅದ್ದುತ್ತಾರೆ. ತಲೆ ಹಿಂದಕ್ಕೆ ಎತ್ತಿ, ನಿಧಾನವಾಗಿ, ಚರಿಗೆ ಖಾಲಿಯಾಗುವವರೆಗೆ ಕುಡಿಯುತ್ತಾರೆ. ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ.

"ಮೊದ್ಲ ಬಾಯಾರಿಕಿ ಆತಂದ್ರ ಅಂಜಿಕಿ ಬರ್ತಿತ್ರಿ ನಂಗ," ಎನ್ನುತ್ತಾರೆ ಚಂದವ್ವ. "ಈಗ ಬಾಯಾರಿದ್ರ ನೀರು ಕುಡೀತೀನಿ."