ಕಡಲ ಒಡ್ಡಿನ ಮೇಲೆ ತೋಂಚ್ಕಾ ಓಮಾ

ತೋಂಚ್ಕಾ ಓಮಾ ತೀರಿಕೊಂಡ ಮೇಲೆ ನೆದರ್ಲೆಂಡ್ಸಿನ ವೂರ್‌ಬರ್ಗ್‌ನ ಅವರ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಒಬ್ಬೊಬ್ಬರಾಗಿ ಅವರ ನಗುವಿನ ಕಥೆಗಳನ್ನೇ ಹೇಳಿದರು. ನನ್ನ ಸರದಿ ಬಂದಾಗ ನಾನು ಹೇಳಿದ್ದು ಮಾತ್ರ ಒಂದು ಭಯದ ಕಥೆ.

ಓಮಾ ಅಂದರೆ ಡಚ್ಚರಲ್ಲಿ ಅಜ್ಜಿ. ಇವರು ನನ್ನ ಗಂಡ ಯೆಲ್ಲೆಯ ಅಜ್ಜಿ. ಹುಟ್ಟಿದ್ದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ, ಸ್ಲೊವೇನಿಯಾದಿಂದ ಬಂದು ಉಕ್ಕಿನ ಕಾರ್ಖಾನೆ ಸೇರಿದ್ದವರ ಮಗಳಾಗಿ. ಯಾರದೋ ಮದುವೆಯ ಕುಣಿತದಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದ ಈ ಹುಡುಗಿಯನ್ನು ಹೆಂಡ್ರಿಕ್ ಎಂಬ ಡಚ್ ಹಡಗಿನ ಎಂಜಿನಿಯರ್ ಕಂಡರು. ಮದುವೆಯಾಗಿ ಇತ್ತ ಬಂದವರು ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳನ್ನೆಲ್ಲ ಕಂಡರು. ಗಂಡ ಹೋದ ಮೇಲೂ ಭಾನುವಾರದ ಊಟಕ್ಕೆ ಅವರ ಮನೆಯಲ್ಲಿ ಕುರ್ಚಿ ಸಾಲುತ್ತಿರಲಿಲ್ಲ. ನನ್ನನ್ನು ಯೆಲ್ಲೆ ಮೊದಲ ಸಲ ಕರೆದೊಯ್ದಾಗ ಅಕ್ರೋಟು ತುಂಬಿ ಸುರುಳಿ ಸುತ್ತಿದ ಪೊಟಿತ್ಸಾ ಎಂಬ ರೊಟ್ಟಿ ಕೊಟ್ಟರು. ನಾನು ಹೋಳಿಗೆಯ ವಿಷಯ ಹೇಳಿದೆ. ಮುಂದಿನ ವಾರವೇ ಹಿಟ್ಟು ನಾದಿಟ್ಟುಕೊಂಡು ಕಾಯುತ್ತಿದ್ದರು. ಅವರ ಹೋಳಿಗೆ ಹರಿದು ಹೂರಣವೆಲ್ಲ ಹೆಂಚಿಗೆ ಮೆತ್ತಿಕೊಂಡಿತು. ಅದಕ್ಕೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

ಅವರ ಎಂಬತ್ತೆಂಟನೆಯ ಹುಟ್ಟುಹಬ್ಬಕ್ಕೆ ಸಮುದ್ರ ನೋಡಬೇಕೆಂದರು. ನನ್ನ ತಮ್ಮ ನಿತಿನ್ ಗ್ರೋನಿಂಗನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ. ಅವನನ್ನೂ ಹತ್ತಿಸಿಕೊಂಡು ಉತ್ತರದ ಕಡಲ ಒಡ್ಡಿಗೆ ಹೋದೆವು. ಅಲ್ಲಿ ಇಳಿತದ ಹೊತ್ತಿಗೆ ನೀರು ಕಣ್ಣಿಗೆ ಕಾಣದಷ್ಟು ಹಿಂದೆ ಸರಿದು, ಕೆಸರಿನ ಬಯಲು ಹೊಳೆಯುತ್ತಿರುತ್ತದೆ. ಓಮಾ ಒಡ್ಡಿನ ಮೇಲಿನ ಬೆಂಚಿನಲ್ಲಿ ಕುಳಿತರು, ಪಕ್ಕದಲ್ಲಿ ಅಕಾರ್ಡಿಯನ್. ಯೆಲ್ಲೆ ಕೇಕ್ ತರಲು ಕಾರಿನಲ್ಲಿ ಹಳ್ಳಿಗೆ ಹೋದ. ನಾನು, ನಿತಿನ್, ಆರು ವರ್ಷದ ನನ್ನ ಮಗಳು ಲೀನಾ ಬರಿಗಾಲಿನಲ್ಲಿ ಕೆಸರಿಗೆ ಇಳಿದೆವು. ಕೆಸರಿಗೆ ಬಿದ್ದಾವೆಂದು ಫೋನುಗಳನ್ನು ಕಾರಿನಲ್ಲೇ ಬಿಟ್ಟಿದ್ದೆವು.

"ದೂರ ಹೋಗೋದು ಬೇಡ ಕಣೋ," ಅಂದೆ. ಚಿತ್ರದುರ್ಗದವಳು ನಾನು, ನೀರೆಂದರೆ ಮೊದಲಿನಿಂದಲೂ ಅಳುಕು.

"ಇಲ್ಲೇ ಅಕ್ಕ, ಒಡ್ಡು ಕಾಣ್ತಾನೇ ಇದೆಯಲ್ಲ," ಅಂದ ನಿತಿನ್.

ಪಾದ ಮುಳುಗುವಷ್ಟು ನೀರಿದ್ದ ಒಂದು ಕಾಲುವೆ ದಾಟಿದೆವು. ಲೀನಾ ಏಡಿಗಳ ಹಿಂದೆ ಓಡುತ್ತಿದ್ದಳು. ತಲೆಯೆತ್ತಿ ನೋಡಿದರೆ ಒಡ್ಡು ಇರಲಿಲ್ಲ. ಕಡಲ ಕಡೆಯಿಂದ ಮಂಜು ಸದ್ದಿಲ್ಲದೆ ಬಂದು ನಮ್ಮನ್ನು ಸುತ್ತಿಕೊಂಡಿತ್ತು. ಚಾಚಿದ ಕೈಯ ಬೆರಳೂ ಮಸುಕು.

"ಅಕ್ಕ, ನಾವು ಯಾವ್ ಕಡೆಯಿಂದ ಬಂದ್ವಿ?"

"ನನ್ನ ಕೇಳ್ತೀಯಾ? ಹೆಜ್ಜೆ ಗುರುತು ನೋಡೋ!"

ಹೆಜ್ಜೆ ಗುರುತುಗಳಲ್ಲಿ ಆಗಲೇ ನೀರು ತುಂಬುತ್ತಿತ್ತು. ಅದು ಎಲ್ಲಿಂದ ಬರುತ್ತಿದೆ ಎಂದು ನೋಡುತ್ತಿರುವಾಗಲೇ ಕಣಕಾಲು ತಣ್ಣಗಾಯಿತು. ಕಡಲ ಭರತ ಶುರುವಾಗಿತ್ತು. ಇಲ್ಲಿ ನೀರು ಅಲೆಯಾಗಿ ಬರುವುದಿಲ್ಲ. ಮೊದಲು ಕಾಲುವೆಗಳು ತುಂಬಿಕೊಂಡು ಹಿಂದಿನ ದಾರಿ ಮುಚ್ಚುತ್ತವೆ ಎಂದು ಯಾರೋ ಹೇಳಿದ್ದು ಆಗ ನೆನಪಾಯಿತು. ಲೀನಾಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಅವಳು ನೋವಿಗೆ ಅತ್ತಳು. "ಓಮಾ!" ಎಂದು ಕೂಗಿದೆ. ಕೂಗು ಮಂಜಿನಲ್ಲಿ ಹೂತುಹೋಯಿತು. ಒಡ್ಡು ಇರಬಹುದೆಂದು ತೋಚಿದ ಕಡೆಗೆ ನಡೆದೆವು.

ಆಗ ಲೀನಾ ಅಳು ನಿಲ್ಲಿಸಿ ಡಚ್ಚಿನಲ್ಲಿ ಹೇಳಿದಳು, "ಓಮಾ ನುಡಿಸ್ತಿದ್ದಾರೆ."

ಉಸಿರು ಬಿಗಿಹಿಡಿದು ನಿಂತೆವು. ಬಹಳ ಸಣ್ಣಗೆ, ತುಂಡು ತುಂಡಾಗಿ, ಕುಣಿತದ ಮಟ್ಟೊಂದು ಕೇಳಿತು. ನಾವು ಮುಖ ಮಾಡಿ ನಿಂತಿದ್ದ ದಿಕ್ಕಿನಿಂದಲ್ಲ, ಬೆನ್ನ ಹಿಂದಿನಿಂದ. ಇಷ್ಟು ಹೊತ್ತೂ ನಾವು ಕಡಲಿನತ್ತ ನಡೆಯುತ್ತಿದ್ದೆವು.

ತಿರುಗಿ ನಡೆದೆವು. ದಾರಿಯಲ್ಲಿ ಒಮ್ಮೆ ಸದ್ದು ಪೂರಾ ನಿಂತುಹೋಯಿತು. ಅಂಥ ಭಯವನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ನಿತಿನ್ ಕಲ್ಲಿನಂತೆ ನಿಂತ. "ಅಲ್ಲಾಡಬೇಡ ಅಕ್ಕ, ತಿರುಗಿದ್ರೆ ದಿಕ್ಕು ತಪ್ಪುತ್ತೆ," ಅಂದ. ಅವನ ಹಲ್ಲು ಕಟಕಟ ಅನ್ನುತ್ತಿತ್ತು. ನೀರು ಮೊಣಕಾಲಿಗೆ ಏರಿತು. ಮತ್ತೆ ಅಕಾರ್ಡಿಯನ್ ಕೇಳಿದಾಗ ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ಬರುವಾಗ ಪಾದ ಮುಳುಗಿಸಿದ್ದ ಕಾಲುವೆ ಈಗ ಸೊಂಟದವರೆಗಿತ್ತು, ಎಳೆಯುತ್ತಲೂ ಇತ್ತು. ನಿತಿನ್ ಲೀನಾಳನ್ನು ಹೆಗಲ ಮೇಲೆ ಕೂರಿಸಿಕೊಂಡ. ನಾನು ಅವನ ಅಂಗಿ ಹಿಡಿದೆ. ನಡುವೆ ನನ್ನ ಕಾಲು ಹೂತು ಮುಗ್ಗರಿಸಿದೆ, ಉಪ್ಪುನೀರು ಮೂಗಿಗೆ ನುಗ್ಗಿತು, ಅಂಗಿ ಮಾತ್ರ ಬಿಡಲಿಲ್ಲ. ಆಚೆ ದಡದಲ್ಲಿ ಹುಲ್ಲು ಕೈಗೆ ಸಿಕ್ಕಿತು.

ಒಡ್ಡು ಹತ್ತಿ ಅವರ ಎದುರಿಗೆ ಹೋಗಿ ನಿಂತರೂ ಓಮಾ ನುಡಿಸುತ್ತಲೇ ಇದ್ದರು. ಮುಖ ಬೂದಿಯಂತಾಗಿತ್ತು.

"ಓಮಾ, ನಾವು ಬಂದ್ವಿ. ನಿಲ್ಲಿಸಿ," ಎಂದು ನಾನು ಅವರ ಕೈಗಳನ್ನು ಹಿಡಿದುಕೊಳ್ಳಬೇಕಾಯಿತು.

ಯೆಲ್ಲೆ ಬಂದ ಮೇಲೆ ಕಾರಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದಾಗ ಅವರು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಮಕ್ಕಳಿಗೂ ಅದುವರೆಗೆ ಹೇಳಿರಲಿಲ್ಲವಂತೆ. ಅವರಿಗೊಬ್ಬ ಅಣ್ಣನಿದ್ದ. ಕ್ಲೀವ್‌ಲ್ಯಾಂಡಿನ ದೊಡ್ಡ ಸರೋವರ ಹೆಪ್ಪುಗಟ್ಟಿದ್ದ ಒಂದು ಚಳಿಗಾಲ ಅವನು ಮೀನು ಹಿಡಿಯಲು ಮಂಜುಗಡ್ಡೆಯ ಮೇಲೆ ನಡೆದುಹೋದ. ಹೀಗೇ ಮಂಜು ಕವಿಯಿತು. ಅಪ್ಪ ದಡದಲ್ಲಿ ನಿಂತು ಗಂಟಲು ಕಟ್ಟುವವರೆಗೂ ಅವನ ಹೆಸರು ಕೂಗಿದರು.

"ಆಮೇಲೆ ಅಪ್ಪನ ದನಿ ಹೊರಡಲಿಲ್ಲ. ಅಣ್ಣ ಬರಲಿಲ್ಲ," ಎಂದರು ಓಮಾ. "ನನ್ನ ಗಂಟಲು ನಿಮಗೆ ಕೇಳಿಸಲ್ಲ ಅಂತ ಗೊತ್ತಿತ್ತು. ನಡುವೆ ತೋಳು ಸೋತಿತು. ಕ್ಷಮಿಸು ಮಗು."

"ಹಾಗನ್ನಬೇಡಿ ಓಮಾ," ಅಂದೆ.

"ಮನೆ ನಿಶ್ಶಬ್ದವಾದರೆ ನನಗೆ ಈಗಲೂ ಹೆದರಿಕೆ, ಮೈಥಿಲಿ. ಅದಕ್ಕೇ ಎಲ್ಲರನ್ನೂ ಊಟಕ್ಕೆ ಕರೀತೀನಿ."

ಅಂದು ಕೇಕ್ ಕತ್ತರಿಸಿದ್ದು ನಿತಿನ್‌ನ ಕೋಣೆಯಲ್ಲಿ. ಓಮಾ ಎರಡು ತುಂಡು ತಿಂದರು, ನಾನು ಒಂದನ್ನೂ ನುಂಗಲಾರದೆ ಹೋದೆ. ಇಂದಿಗೂ ಬೆಳಿಗ್ಗೆ ಕಿಟಕಿಯಾಚೆ ಮಂಜು ಕಂಡರೆ ಮೊದಲು ಲೀನಾಳ ಕೋಣೆಗೆ ಹೋಗಿ ನೋಡುತ್ತೇನೆ.

ಆಮೇಲೂ ಅವರು ನಾಲ್ಕು ವರ್ಷ ಬದುಕಿದರು. ಕಳೆದ ನವೆಂಬರಿನಲ್ಲಿ ಹೃದಯ ಸೋತಾಗ ಡಾಕ್ಟರ್ ಮನೆಗೇ ಬಂದು, ಇನ್ನು ಹೆಚ್ಚು ದಿನ ಇಲ್ಲವೆಂದು ಅವರಿಗೇ ಹೇಳಿ, ಹೆದರಿಕೆಯಾಗುತ್ತಿದೆಯೇ ಎಂದು ಕೇಳಿದರು.

"ಆಗ್ತಿದೆ," ಎಂದರು ಓಮಾ. "ಹಸಿವೂ ಆಗ್ತಿದೆ."

ನಾನು ಶಾವಿಗೆ ಹಾಕಿದ ಕೋಳಿ ಸೂಪ್ ಬಿಸಿ ಮಾಡಿ ತಂದೆ. ನಾನು ಕುಡಿಸಲು ಹೋದರೆ ಹೊದಿಕೆಯ ಮೇಲೆಲ್ಲ ಚೆಲ್ಲಿತು. ಓಮಾ ಚಮಚವನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಕುಡಿದರು.