ಕಿವಿಯ ಮೇಲಿನ ಊದುಬತ್ತಿ

ಕಟಪಾಡಿಯ ನಮ್ಮ ಮೆಕ್ಯಾನಿಕ್ಕರ ಎಡಗಿವಿಯ ಮೇಲೆ ಸದಾ ಒಂದು ಊದುಬತ್ತಿ ಇರುತ್ತಿತ್ತು, ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ. ನನ್ನ ಬಾಡಿಗೆ ವ್ಯಾನಿನ ಇಂಜಿನ್ ಇರುವುದು ಮುಂದಿನ ಸೀಟಿನಡಿ. ಬೆಳಿಗ್ಗೆ ತಣ್ಣಗಿರುವಾಗ ಅದನ್ನು ಸ್ಟಾರ್ಟ್ ಮಾಡಿಸಿ, ಹೊಗೆ ಕೊಳವೆ ಇಂಜಿನ್ನಿಗೆ ಕೂಡುವ ಜಾಗದ ಸುತ್ತ ಬತ್ತಿ ಹಿಡಿಯುವರು. ಬತ್ತಿಯ ಹೊಗೆ ನೆಟ್ಟಗೆ ಏರಿದರೆ ಸರಿ. ಬೆದರಿದಂತೆ ಹಾರಿದರೆ ಅಲ್ಲಿ ಸೋರಿಕೆ.

“ಇಂಜಿನಿಗೆ ಪೂಜೆಯಾ ಮಾರಾಯ್ರೆ?” ಎಂದು ನಾನು ನಗಾಡಿದ್ದುಂಟು.

“ನಿಮ್ಮ ಫೋಟೋದೆದುರು ಹಚ್ಚುವುದಕ್ಕಿಂತ ಇಲ್ಲಿ ಹಚ್ಚುವುದು ಒಳ್ಳೆಯದಲ್ವಾ?”

ಆ ಕೂಡುವ ಜಾಗದಲ್ಲಿ ಹೊಗೆ ಸೋರದಂತೆ ಇಡುವ ಗ್ಯಾಸ್ಕೆಟ್ಟನ್ನು ಒಮ್ಮೆ ತೆಗೆದರೆ ಮತ್ತೆ ಹಾಕುತ್ತಿರಲಿಲ್ಲ, ಹೊಸದೇ ಆಗಬೇಕು. ಬೋಲ್ಟುಗಳನ್ನು ನಡುವಿನಿಂದ ಆಚೀಚೆ, ಸ್ವಲ್ಪ ಸ್ವಲ್ಪವೇ ಬಿಗಿಯುವರು. ಕಡೆಗೆ ಒಂದೇ ಮಾತು: “ಎರಡು ದಿನ ಓಡಿಸಿ ಬನ್ನಿ. ಬಿಸಿಗೆ ಸಡಿಲ ಆಗ್ತದೆ, ಇನ್ನೊಮ್ಮೆ ಬಿಗಿಯಬೇಕು.”

ಒಮ್ಮೆ ಹಾಗೆ ಗ್ಯಾಸ್ಕೆಟ್ ಬದಲಿಸಿಕೊಂಡ ಮೇಲೆ ನಾನು ಹೋಗಲಿಲ್ಲ. ಕಾರ್ಕಳಕ್ಕೆ ಮದುವೆ ಬಾಡಿಗೆ ಇತ್ತು. ಅಷ್ಟೇ ಆಗಿದ್ದರೆ ಸರಿ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕುಳಿತು, ಒಂದೇ ಕೆಲಸಕ್ಕೆ ಎರಡು ಸಲ ಕರೆಸುವವರೆಂದು ಅವರಿಗೆ ‘ಎರಡು ಸಲ’ ಎಂದು ಹೆಸರಿಟ್ಟೆ. ಹೆಸರು ಅಂಟಿತು. ಕೆಲವರು ಅವರಲ್ಲಿಗೆ ಹೋಗುವುದನ್ನೇ ಬಿಟ್ಟರು.

ತಿಂಗಳೊಳಗೆ, ಎಂಟು ತಿಂಗಳ ಬಸುರಿ ಮಗಳನ್ನು ಕಾಪುವಿನಿಂದ ಮಣಿಪಾಲದ ಆಸ್ಪತ್ರೆಗೆ ತೋರಿಸಲು ಅದೇ ವ್ಯಾನಿನಲ್ಲಿ ಹೊರಟೆ. ಮಳೆಯೆಂದು ಗಾಜು ಏರಿಸಿದ್ದೆ. ಕಟಪಾಡಿ ಮುಟ್ಟುವಾಗ ಅವಳು ತಲೆ ಸಿಡಿಯುತ್ತದೆ, ವಾಂತಿ ಬರುತ್ತದೆ ಎಂದಳು. ಬಸುರಿಗೆ ಅದೆಲ್ಲ ಇದ್ದದ್ದೇ ಎಂದು, ನೀರು ಕುಡಿಸಲು ನಿಲ್ಲಿಸಿದೆ. ಎದುರಿನ ಗ್ಯಾರೇಜಿನಿಂದ ಅವರು ಓಡಿ ಬಂದರು. ಬೋಲ್ಟು ಸಡಿಲಾಗಿ ಹೊಗೆ ಸೋರುವ ಇಂಜಿನ್ನಿನ ಟಿಕ್ ಟಿಕ್ ಸದ್ದು ಅವರಿಗೆ ಅಲ್ಲಿಗೇ ಕೇಳಿಸಿತ್ತು.

“ಮೊದಲು ಮಗಳನ್ನು ಇಳಿಸಿ. ಹೊಗೆ ಒಳಗೆ ಬರ್ತಾ ಉಂಟು. ನಿಮಗೆ ಮೂಗಿಲ್ವಾ?”

ಅವಳನ್ನು ಗಾಳಿಯಲ್ಲಿ ಕೂರಿಸಿ, ರಿಕ್ಷಾ ಹಿಡಿದು ನಮ್ಮನ್ನು ಆಸ್ಪತ್ರೆಗೆ ಕಳಿಸಿದರು. ಮರುದಿನ ಹೊಸ ಗ್ಯಾಸ್ಕೆಟ್ ಹಾಕಿ ಬಿಗಿದರು. ನಾನಿಟ್ಟ ಹೆಸರು ಅವರ ಕಿವಿಗೂ ಬಿದ್ದಿತ್ತು. “ಅಂತೂ ಎರಡನೇ ಸಲ ಬಂದಿರಲ್ಲ,” ಎಂದರು, ಅಷ್ಟೇ.

ಮೊಮ್ಮಗಳು ಹುಟ್ಟಿದಳು. ಮೂರು ಕಿಲೋ, ತಲೆ ತುಂಬ ಕೂದಲು, ಬೆರಳು ಹಿಡಿದರೆ ಬಿಡುವವಳಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಈ ಸಂತೋಷಕ್ಕೆ ನನ್ನ ಅಕ್ಷರ ಸಾಲದು. ಮಗುವನ್ನು ಅವರಿಗೆ ತೋರಿಸಬೇಕು, ಸ್ಟ್ಯಾಂಡಿನಲ್ಲಿ ಎಲ್ಲರೆದುರು ತಪ್ಪಾಯಿತು ಎನ್ನಬೇಕು ಎಂದುಕೊಂಡೆ. ನಾಳೆ ಎಂದೆ, ನಾಳಿದ್ದು ಎಂದೆ. ಮಗುವಿಗೆ ನಲವತ್ತು ದಿನ ತುಂಬುವ ಮೊದಲೇ ಅವರು ಎದೆನೋವಿನಿಂದ ತೀರಿಕೊಂಡರು.

ಸುದ್ದಿ ಹೇಳಿದವನು ಸ್ಟ್ಯಾಂಡಿನ ಒಬ್ಬ ಡ್ರೈವರ್. “ಗೊತ್ತುಂಟಾ, ನಮ್ಮ ‘ಎರಡು ಸಲ’ ಹೋದರಂತೆ.”

“ಅವರ ಹೆಸರು ಅದಲ್ಲ,” ಎಂದೆ.

“ಮತ್ತೆ ಎಂತ?” ಎಂದ. ಅವನು ಸ್ಟ್ಯಾಂಡಿಗೆ ಹೊಸಬ. ಬೇರೆ ಹೆಸರನ್ನು ಅವನು ಕೇಳಿಯೇ ಇರಲಿಲ್ಲ.